ಮೂರನೇ ತೂತಿನ ಕಥೆ

ನಮ್ಮ ಮನೆಗಳಲ್ಲಿ ಸಾಮಾನು ಬೆಳೆದಷ್ಟು ವೇಗವಾಗಿ ಪ್ಲಗ್ ಪಾಯಿಂಟ್‌ಗಳು ಬೆಳೆಯಲಿಲ್ಲ. ಮೂವತ್ತು-ನಲವತ್ತು ವರ್ಷದ ಹಿಂದೆ ಕಟ್ಟಿದ ಯಾವುದಾದರೂ ಮನೆಗೆ ಹೋಗಿ ನೋಡಿ. ಹಾಲ್‌ನಲ್ಲಿ ಟೀವಿಗೊಂದು, ರೂಮಿನಲ್ಲಿ ಇಸ್ತ್ರಿಪೆಟ್ಟಿಗೆಗೊಂದು, ಅಡುಗೆಮನೆಯಲ್ಲಿ ಮಿಕ್ಸಿಗೊಂದು. ಆಗ ಅಷ್ಟು ಸಾಕಿತ್ತು. ಈಗ ಅದೇ ಅಡುಗೆಮನೆಯಲ್ಲಿ ಫ್ರಿಡ್ಜ್, ಮಿಕ್ಸಿ, ಗ್ರೈಂಡರ್, ವಾಟರ್ ಫಿಲ್ಟರ್, ಕೆಟಲ್ ಎಲ್ಲಾ ಇವೆ. ಗೋಡೆ ಮೇಲೆ ಮಾತ್ರ ಅದೇ ಹಳೇ ಪಾಯಿಂಟ್. ಉಳಿದದ್ದೆಲ್ಲ ಎಕ್ಸ್‌ಟೆನ್ಷನ್ ಬಾಕ್ಸ್ ಕೃಪೆ.

ಹಾಗಾಗಿ ಈ ಸಲದ ಅಂಕಣ ಒಂದು ಪ್ಲಗ್ ಪಾಯಿಂಟ್ ಬಗ್ಗೆ. "ಇದರಲ್ಲಿ ಬರೆಯೋಕೆ ಏನಿದೆ?" ಅಂತೀರಾ? ತಿಪಟೂರಿನ ನಮ್ಮ ಮನೆಯಲ್ಲಿ ಒಂದು ಪಾಯಿಂಟ್ ಹಾಕಿಸೋಕೆ ಹೋಗಿ, ಅಮ್ಮ ಇಷ್ಟು ವರ್ಷ ಯಾವುದರ ಜೊತೆ ಸಂಸಾರ ಮಾಡ್ತಿದ್ರು ಅಂತ ಗೊತ್ತಾಯ್ತು. ಅದನ್ನ ನೀವೂ ನಿಮ್ಮ ಮನೆಯಲ್ಲಿ ನೋಡ್ಕೊಳ್ಳೋದು ಒಳ್ಳೇದು.

ವಿಷಯ ಇಷ್ಟೇ. ಮನೆಗೆ ಇಂಡಕ್ಷನ್ ಸ್ಟವ್ ಬಂತು. ಅದರ ದೊಡ್ಡ ಪ್ಲಗ್ ಮಿಕ್ಸಿಯ ಸಣ್ಣ ಪಾಯಿಂಟ್‌ಗೆ ಹೋಗಲ್ಲ. ಅಪ್ಪ ಅಂಗಡಿಯಿಂದ ಒಂದು ಕನ್ವರ್ಟರ್ ಪ್ಲಗ್ ತಂದು ಸಿಕ್ಕಿಸಿದ್ರು. ಕೆಲವೇ ವಾರಕ್ಕೆ ಅದರ ಬಿಳಿ ಪ್ಲಾಸ್ಟಿಕ್ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. ಅಮ್ಮ ಫೋನ್‌ನಲ್ಲಿ ಹೇಳಿದ್ದು ಒಂದೇ ಮಾತು: "ಸ್ಟವ್ ಪಕ್ಕ ಒಂದು ದೊಡ್ಡ ಪಾಯಿಂಟ್ ಹಾಕ್ಸ್ಕೊಡು ಪುಟ್ಟಿ. ಗೋಡೆ ಮಾತ್ರ ಒಡೆಸ್ಬೇಡ."

ಮೊದಲು ಲೆಕ್ಕ

ಯಾವ ಸಾಮಾನಿನ ಹಿಂದೆ ನೋಡಿದ್ರೂ ವಾಟ್ ಎಷ್ಟು ಅಂತ ಬರೆದಿರುತ್ತೆ. ನಮ್ಮ ಮನೆಗಳಿಗೆ ಬರೋದು 230 ವೋಲ್ಟ್. ವಾಟನ್ನ 230ರಿಂದ ಭಾಗಿಸಿದ್ರೆ ಎಷ್ಟು ಆಂಪ್ ಕರೆಂಟ್ ಎಳೆಯುತ್ತೆ ಅಂತ ಸಿಗುತ್ತೆ. 500 ವಾಟ್ ಮಿಕ್ಸಿ ಅಂದ್ರೆ 2.2 ಆಂಪ್. 1500 ವಾಟ್ ಕೆಟಲ್ 6.5 ಆಂಪ್. 2000 ವಾಟ್ ಇಂಡಕ್ಷನ್ ಸ್ಟವ್ 8.7 ಆಂಪ್. 3000 ವಾಟ್ ಇನ್‌ಸ್ಟಂಟ್ ಗೀಸರ್ 13 ಆಂಪ್.

ಗೋಡೆಯಲ್ಲಿರೋ ಸಾಕೆಟ್ ಎರಡು ಥರ. ಸಣ್ಣದು 6 ಆಂಪ್, ದೊಡ್ಡದು 16 ಆಂಪ್. (ಅಪ್ಪನ ಕಾಲದವರು, ಅಂಗಡಿಯವರು ಈಗಲೂ 5 ಆಂಪ್, 15 ಆಂಪ್ ಅಂತಾನೇ ಕರೀತಾರೆ.) ಸಣ್ಣದರ ಮಿತಿ ಹೆಚ್ಚುಕಮ್ಮಿ 1380 ವಾಟ್, ದೊಡ್ಡದರದ್ದು 3680 ವಾಟ್. ಅಂದ್ರೆ ಕೆಟಲ್ ಕೂಡ ಸಣ್ಣ ಸಾಕೆಟ್‌ನ ಮಿತಿ ದಾಟುತ್ತೆ.

ದೊಡ್ಡ ಸಾಮಾನಿಗೆ ದೊಡ್ಡ ಪ್ಲಗ್ ಕೊಟ್ಟಿರೋದೇ ಅದು ಸಣ್ಣ ಸಾಕೆಟ್‌ಗೆ ಹೋಗದೇ ಇರಲಿ ಅಂತ. ಕನ್ವರ್ಟರ್ ಪ್ಲಗ್ ಮಾಡೋದು ಆ ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟೋ ಕೆಲಸ. ಅದರ ಆಕಾರ ಬದಲಾಗುತ್ತೆ, ಹಿಂದಿರೋ ವೈರ್ ಬದಲಾಗಲ್ಲ.

ಕಂದು ಬಣ್ಣ ಯಾಕೆ ಬಂತು? ಪ್ಲಗ್ ಪಿನ್ನು, ಸಾಕೆಟ್ ಒಳಗಿನ ಹಿತ್ತಾಳೆ ಹಿಡಿ ಸ್ವಲ್ಪ ಸಡಿಲ ಆದ್ರೂ ಅಲ್ಲಿ ಒಂಚೂರು ರೆಸಿಸ್ಟೆನ್ಸ್ ಹುಟ್ಟುತ್ತೆ. 0.1 ಓಮ್ ಅಂತ ಇಟ್ಕೊಳ್ಳಿ. ಬಿಸಿ ಹೆಚ್ಚೋದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಮಿಕ್ಸಿಯ 2.2 ಆಂಪ್‌ಗೆ ಅಲ್ಲಿ ಅರ್ಧ ವಾಟ್ ಬಿಸಿ. ಸ್ಟವ್‌ನ 8.7 ಆಂಪ್‌ಗೆ ಏಳೂವರೆ ವಾಟ್. ಕರೆಂಟ್ ನಾಲ್ಕು ಪಟ್ಟಾದ್ರೆ ಬಿಸಿ ಹದಿನಾರು ಪಟ್ಟು! ಅದೂ ಬೆಂಕಿಕಡ್ಡಿ ತಲೆಯಷ್ಟು ಜಾಗದಲ್ಲಿ, ಮಿಕ್ಸಿ ಥರ ಎರಡು ನಿಮಿಷ ಅಲ್ಲ, ಸಾರು ಕುದಿಯೋವರೆಗೂ. "ಮಿಕ್ಸಿಗೆ ಏನೂ ಆಗಿಲ್ವಲ್ಲ" ಅನ್ನೋ ಸಮಾಧಾನ ಸ್ಟವ್ ವಿಷಯದಲ್ಲಿ ನಡೆಯಲ್ಲ.

ವೈರ್ ಎಲ್ಲಿಂದ ತರೋದು?

ಹೊಸ ಪಾಯಿಂಟ್ ಅಂದ ಕೂಡಲೇ ಸುಲಭದ ದಾರಿ ಒಂದಿದೆ. ಪಕ್ಕದ ಹಳೇ ಸ್ವಿಚ್‌ಬೋರ್ಡ್‌ನಿಂದ ಎರಡು ತುಂಡು ವೈರ್ ಎಳೆದು ಹೊಸ ಬಾಕ್ಸ್‌ಗೆ ಕೊಡೋದು. ಅರ್ಧ ಗಂಟೆ ಕೆಲಸ. ಲೂಪ್ ಹೊಡೆಯೋದು ಅಂತಾರೆ. ಫೋನ್ ಚಾರ್ಜರ್‌ಗೆ, ವಾಟರ್ ಫಿಲ್ಟರ್‌ಗೆ ಇದು ಪರವಾಗಿಲ್ಲ. ಸ್ಟವ್, ಗೀಸರ್, ವಾಷಿಂಗ್ ಮಷೀನ್, ಎಸಿಗೆ ನಡೆಯಲ್ಲ.

ಯಾಕಂದ್ರೆ ಹಳೇ ಬೋರ್ಡ್‌ಗೆ ಬಂದಿರೋ ವೈರ್ ಲೈಟು, ಫ್ಯಾನಿಗೆ ಅಂತ ಎಳೆದಿದ್ದು. ನಮ್ಮ ಮನೆಯಲ್ಲಿ 1 ಚದರ ಮಿಮೀ ವೈರ್ ಇತ್ತು. 16 ಆಂಪ್ ಪಾಯಿಂಟ್‌ಗೆ ಕನಿಷ್ಠ 2.5 ಚದರ ಮಿಮೀ ತಾಮ್ರದ ವೈರ್ ಬೇಕು. ದೊಡ್ಡ ಎಸಿ, ಗೀಸರ್‌ಗೆ ಸಾಮಾನ್ಯವಾಗಿ 4 ಚದರ ಮಿಮೀ ಹಾಕ್ತಾರೆ. ಅದು ನೇರವಾಗಿ ಮೇನ್ ಬೋರ್ಡ್‌ನಿಂದ ಬರಬೇಕು, ಅದಕ್ಕೆ ಅಂತಲೇ ಬೇರೆ ಎಂಸಿಬಿ ಇರಬೇಕು.

ಇಲ್ಲಿ ಒಂದು ಮಾತು ನೆನಪಿಡಿ: ಎಂಸಿಬಿ ಇರೋದು ವೈರ್ ಕಾಯೋಕೆ. ವೈರ್ ತಡೆಯೋದಕ್ಕಿಂತ ಹೆಚ್ಚು ಕರೆಂಟ್ ಹರಿದ್ರೆ ಅದು ಕೆಳಗೆ ಬೀಳಬೇಕು. ಆದ್ದರಿಂದ ಎಂಸಿಬಿಯ ಆಂಪ್ ವೈರ್‌ನ ದಪ್ಪಕ್ಕೆ ತಕ್ಕ ಹಾಗೆ ಇರುತ್ತೆ. "ಪದೇ ಪದೇ ಟ್ರಿಪ್ ಆಗುತ್ತೆ, ದೊಡ್ಡದು ಹಾಕ್ಬಿಡಿ" ಅನ್ನೋದು ಅತಿ ಅಪಾಯದ ರಿಪೇರಿ. ಆಮೇಲೆ ಟ್ರಿಪ್ ಆಗಲ್ಲ, ಗೋಡೆ ಒಳಗೆ ವೈರ್ ಬೇಯುತ್ತೆ. ನಮ್ಮ ಮನೆಯಲ್ಲಿ ಎಂಸಿಬಿಯೂ ಇರಲಿಲ್ಲ. ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸು, ಅದರಲ್ಲಿ ಯಾರೋ ಯಾವತ್ತೋ ಸುತ್ತಿಟ್ಟಿದ್ದ ದಪ್ಪ ತಾಮ್ರದ ಎಳೆ. ಆ ಫ್ಯೂಸು ಹೋಗೋ ಮೊದಲು ಮನೆ ಹೋಗ್ತಿತ್ತು.

ಗೋಡೆ ಒಡೆಯದೇ ಆಗುತ್ತಾ? ಆಗುತ್ತೆ. ಪಿವಿಸಿ ಕೇಸಿಂಗ್ ಪಟ್ಟಿ ಗೋಡೆ ಮೇಲೇ ಹೊಡೆದು ಅದರೊಳಗೆ ವೈರ್ ಓಡಿಸ್ತಾರೆ. ಸೂರಿನ ಅಂಚು, ಬಾಗಿಲ ಚೌಕಟ್ಟು ಹಿಡಿದು ಹೋದ್ರೆ ಕಣ್ಣಿಗೂ ಬೀಳಲ್ಲ. ಗೋಡೆ ಕೊರೆದು ಪೈಪ್ ಹಾಕಿಸೋದಾದ್ರೆ ದಾರಿ ನೇರ ಮೇಲೆ-ಕೆಳಗೆ ಅಥವಾ ಅಡ್ಡಡ್ಡ ಮಾತ್ರ ಇರಲಿ, ಓರೆಯಾಗಿ ಬೇಡ. ಮುಂದೆ ಫೋಟೋಗೆ ಮೊಳೆ ಹೊಡೆಯೋವಾಗ ವೈರ್ ಎಲ್ಲಿರಬಹುದು ಅನ್ನೋ ಅಂದಾಜು ಸಿಗುತ್ತೆ. ಹೊಸ ಮನೆ ಕಟ್ಟಿಸ್ತಿರೋರು ಪ್ಲಾಸ್ಟರಿಂಗ್‌ಗೆ ಮೊದಲು ಪ್ರತಿ ಗೋಡೆಯ ಫೋಟೋ ತೆಗೆದು ಇಟ್ಕೊಳ್ಳಿ. ಹತ್ತು ವರ್ಷ ಆದ್ಮೇಲೂ ಉಪಯೋಗಕ್ಕೆ ಬರುತ್ತೆ.

ಬಲ್ಬ್ ಉರಿಯಲಿಲ್ಲ

ನಮ್ಮ ಕೆಲಸಕ್ಕೆ ಬಂದ ಎಲೆಕ್ಟ್ರಿಷಿಯನ್ ಐವತ್ತು ದಾಟಿದವರು, ಲೈಸೆನ್ಸ್ ಇರೋರು. ಬಂದವರೇ ಟೆಸ್ಟರ್ ತೆಗೀಲಿಲ್ಲ. ಚೀಲದಿಂದ ಒಂದು ಹೋಲ್ಡರ್ ತೆಗೆದ್ರು. ಅದರಲ್ಲಿ ಹಳೇ ಕಾಲದ ಬಲ್ಬು, ಎರಡು ವೈರ್. ಮಿಕ್ಸಿ ಸಾಕೆಟ್‌ನ ಫೇಸ್, ನ್ಯೂಟ್ರಲ್‌ಗೆ ಇಟ್ರು, ಬಲ್ಬ್ ಉರೀತು. ಫೇಸ್ ಮತ್ತು ಮೇಲಿನ ದೊಡ್ಡ ತೂತಿಗೆ ಇಟ್ರು. ಉರಿಯಲಿಲ್ಲ.

"ನೋಡಿ ಮೇಡಂ, ಅರ್ಥ್ ಇಲ್ಲ" ಅಂದ್ರು. ಬೋರ್ಡ್ ಬಿಚ್ಚಿದ್ರೆ ಕೆಂಪು, ಕಪ್ಪು ವೈರ್ ಎರಡೇ. ಹಸಿರು ವೈರ್ ಬಂದೇ ಇಲ್ಲ. ಮನೆಯ ಎಲ್ಲಾ ಪಾಯಿಂಟ್ ನೋಡಿದ್ವಿ. ಮೂರು ತೂತಿನ ಸಾಕೆಟ್ ಇದ್ದ ಕಡೆಯಲ್ಲೆಲ್ಲ ಮೂರನೇ ತೂತು ಬರೀ ಶೋಕಿಗೆ ಇತ್ತು.

ಈ ಮೂರನೇ ತೂತಿನ ಕೆಲಸ ಏನು? ಫ್ರಿಡ್ಜ್, ಗ್ರೈಂಡರ್, ಗೀಸರ್‌ಗಳ ಲೋಹದ ಮೈಯನ್ನ ಅದು ನೇರ ಭೂಮಿಗೆ ಜೋಡಿಸುತ್ತೆ. ಒಳಗೆ ವೈರ್ ಸವೆದು ಮೈಗೆ ತಾಗಿದ್ರೆ ಕರೆಂಟಿಗೆ ಸುಲಭದ ದಾರಿ ಸಿಕ್ಕಿ ಮಣ್ಣಿಗೆ ಹೋಗುತ್ತೆ. ಆ ದಾರಿ ಇಲ್ಲ ಅಂದ್ರೆ ಮುಟ್ಟಿದ ಮನುಷ್ಯನೇ ದಾರಿ. ಪ್ಲಗ್‌ನಲ್ಲಿ ಅರ್ಥ್ ಪಿನ್ ಉಳಿದೆರಡಕ್ಕಿಂತ ಉದ್ದ ಇರೋದು ನೋಡಿರ್ತೀರಿ. ಸಿಕ್ಕಿಸೋವಾಗ ಮೊದಲು ತಾಗಿ, ಕೀಳೋವಾಗ ಕೊನೆಗೆ ಬಿಡಲಿ ಅಂತ ಹಾಗೆ ಮಾಡಿರೋದು.

ಆಗ ನನಗೆ ನಮ್ಮ ಮನೆಯ ಪದ್ಧತಿಗಳೆಲ್ಲ ಬೇರೆ ಥರ ಕಾಣೋಕೆ ಶುರುವಾಯ್ತು. ಫ್ರಿಡ್ಜ್ ಮುಂದೆ ಯಾವಾಗಲೂ ಒಂದು ರಬ್ಬರ್ ಮ್ಯಾಟ್. ಗ್ರೈಂಡರ್ ಪಕ್ಕ ಮರದ ಮಣೆ. "ಚಪ್ಪಲಿ ಹಾಕ್ಕೊಂಡ್ ಮುಟ್ಟು" ಅನ್ನೋದು ನಾವು ಚಿಕ್ಕವರಿದ್ದಾಗಿಂದ ಕೇಳಿದ ಮಾತು. ಅಡುಗೆಮನೆಗೆ ಚಪ್ಪಲಿ ತರಬಾರದು ಅನ್ನೋ ಅಮ್ಮ, ಗ್ರೈಂಡರ್‌ಗೆ ಅಂತಲೇ ಒಂದು ಜೊತೆ ಹವಾಯಿ ಚಪ್ಪಲಿ ಇಟ್ಟಿದ್ರು. ಕೇಳಿದ್ರೆ, "ಒಂಚೂರು ಜುಮ್ ಅನ್ನುತ್ತೆ ಅಷ್ಟೇ, ಅದು ಮೊದಲಿಂದಲೂ ಹಂಗೇ" ಅಂತಿದ್ರು. ಇಷ್ಟು ವರ್ಷ ನಮ್ಮ ಮನೆಗೆ ಇದ್ದ ರಕ್ಷಣೆ ಅಂದ್ರೆ ಅಮ್ಮನ ಚಪ್ಪಲಿ.

ಕೆಲವು ಕಡೆ ಇದಕ್ಕೆ ಒಂದು ಕಳ್ಳದಾರಿ ಮಾಡ್ತಾರೆ. ಸಾಕೆಟ್ ಹಿಂದೆಯೇ ಅರ್ಥ್ ಪಿನ್ನಿಗೂ ನ್ಯೂಟ್ರಲ್‌ಗೂ ಒಂದು ತುಂಡು ವೈರ್ ಜೋಡಿಸಿಬಿಡ್ತಾರೆ. ಟೆಸ್ಟ್ ಬಲ್ಬ್ ಚೆನ್ನಾಗಿ ಉರಿಯುತ್ತೆ. ಆದ್ರೆ ಯಾವತ್ತಾದ್ರೂ ಹಿಂದೆ ಎಲ್ಲೋ ನ್ಯೂಟ್ರಲ್ ಕಟ್ ಆದ್ರೆ, ಸಾಮಾನಿನ ಮೂಲಕ ಬಂದ ಕರೆಂಟ್ ನೇರ ಅದರ ಲೋಹದ ಮೈಗೆ ಬರುತ್ತೆ. ಅರ್ಥ್ ಇಲ್ಲದೇ ಇರೋದಕ್ಕಿಂತ ಇದು ಕೆಟ್ಟದ್ದು. ಬಾಕ್ಸ್ ಮುಚ್ಚೋ ಮುಂಚೆ ಒಂದು ಸಲ ಬಗ್ಗಿ ನೋಡಿ. ಹಸಿರು ವೈರ್ ಬೋರ್ಡ್‌ನಿಂದಲೇ ಬಂದಿರಬೇಕು.

ಅಪ್ಪ ಒಪ್ಪಲಿಲ್ಲ

ಒಂದು ಪಾಯಿಂಟ್‌ನ ಕೆಲಸ ಈಗ ಅರ್ಥ್ ಗುಂಡಿ, ಹೊಸ ಮೇನ್ ಬೋರ್ಡ್, ಅಡುಗೆಮನೆ-ಬಚ್ಚಲಿಗೆ ಹಸಿರು ವೈರ್ ಅಂತ ಬೆಳೀತು. ಅಪ್ಪನಿಗೆ ಇದು ಬೇಜಾರಾಯ್ತು. ಸ್ಕೂಲ್ ಮೇಷ್ಟ್ರ ಸಂಬಳದಲ್ಲಿ ಇಟ್ಟಿಗೆ ಇಟ್ಟಿಗೆ ಲೆಕ್ಕ ಹಾಕಿ ಕಟ್ಟಿಸಿದ ಮನೆ. "ಮೂವತ್ತೈದು ವರ್ಷ ಏನೂ ಆಗಿಲ್ಲ. ನೀನು ಬಂದು ಎರಡು ದಿನಕ್ಕೆ ಎಲ್ಲಾ ಸರಿಯಿಲ್ಲ ಅಂತೀಯ" ಅಂದ್ರು.

ನಾನು ಮನೆ ಸರಿಯಿಲ್ಲ ಅಂತ ವಾದ ಮಾಡಲಿಲ್ಲ. ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಇದ್ದದ್ದು ಆರು ಬಲ್ಬು, ಮೂರು ಫ್ಯಾನು, ಒಂದು ರೇಡಿಯೋ. ಆ ಮನೆಗೆ ಆ ವೈರಿಂಗ್ ಸಾಕಿತ್ತು. ಮುಟ್ಟುವಂಥ ಲೋಹದ ಸಾಮಾನು ಆಮೇಲೆ ಬಂದವು. "ಅಪ್ಪ, ನೀವು ಕಟ್ಟಿಸಿದ್ದು ಸರೀನೇ ಇದೆ. ಆಮೇಲೆ ನಾವು ತಂದು ಸೇರಿಸಿದ್ವಲ್ಲ, ಅದಕ್ಕೆ ಮಾಡಿಸ್ತಿರೋದು" ಅಂದೆ. ಅಪ್ಪ ಏನೂ ಮಾತಾಡಲಿಲ್ಲ. ಸಂಜೆ ಹೊರಗೆ ಹೋಗಿ, "ಗುಂಡಿ ತುಳಸಿಕಟ್ಟೆ ಹಿಂದೆ ತೆಗೀಲಿ, ಅಲ್ಲಿ ನೆಲ ಯಾವಾಗಲೂ ತೇವ ಇರುತ್ತೆ" ಅಂದ್ರು. ಎಲೆಕ್ಟ್ರಿಷಿಯನ್ ಕೂಡ ಅದೇ ಜಾಗ ಸರಿ ಅಂದ್ರು. ಅರ್ಥಿಂಗ್‌ಗೆ ತೇವದ ಮಣ್ಣೇ ಬೇಕು. ಎರಡೂವರೆ ಮೀಟರ್ ಉದ್ದದ ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು-ಉಪ್ಪು ತುಂಬಿ, ಮೇಲೆ ನೀರು ಹಾಕೋಕೆ ಬಾಯಿ ಬಿಟ್ರು.

ಎಂಸಿಬಿ ಇದೆ, ಸಾಕಲ್ವಾ?

ತುಂಬಾ ಜನ ಇಲ್ಲೇ ನಿಲ್ಲಿಸಿಬಿಡ್ತಾರೆ. ಸಾಕಾಗಲ್ಲ. 100 ಮಿಲಿಆಂಪ್ ಕರೆಂಟ್ ಎದೆ ಹಾದು ಹೋದ್ರೆ ಹೃದಯ ನಿಲ್ಲಬಹುದು. 16 ಆಂಪ್ ಎಂಸಿಬಿ ಪಾಲಿಗೆ ಅದು ಅದರ ಮಿತಿಯ ನೂರಅರವತ್ತರಲ್ಲಿ ಒಂದು ಪಾಲು. ಮನುಷ್ಯ ಒದ್ದಾಡ್ತಿದ್ರೂ ಅದಕ್ಕೆ ಗೊತ್ತಾಗಲ್ಲ.

ಮನುಷ್ಯನ್ನ ಕಾಯೋದು ಆರ್‌ಸಿಸಿಬಿ. ಅದು ಮಾಡೋ ಕೆಲಸ ಬರೀ ಲೆಕ್ಕ ತಾಳೆ ನೋಡೋದು. ಫೇಸ್‌ನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ? ಬರದೇ ಇದ್ರೆ ಎಲ್ಲೋ ಸೋರಿದೆ ಅಂತ ಅರ್ಥ. ಮನೆಗೆ ಹಾಕೋ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಷ್ಟು ಸೋರಿದ್ರೆ 0.3 ಸೆಕೆಂಡ್ ಒಳಗೆ ಕರೆಂಟ್ ಕಡಿದುಹಾಕಬೇಕು. ಬೆಲೆ ಎರಡು ಸಾವಿರದ ಆಸುಪಾಸು. ನಮ್ಮ ಕೈಲಿರೋ ಫೋನಿನ ಬೆಲೆ ನೆನೆಸ್ಕೊಂಡ್ರೆ ಇದು ದುಬಾರಿ ಅನ್ಸಲ್ಲ.

ಅರ್ಥ್ ಇಲ್ಲದ ಮನೆಯಲ್ಲೂ ಆರ್‌ಸಿಸಿಬಿ ಕೆಲಸ ಮಾಡುತ್ತೆ, ಆದ್ರೆ ಯಾರಾದ್ರೂ ಮುಟ್ಟಿದ ಮೇಲೆ. ಅರ್ಥ್ ಇದ್ರೆ ಮುಟ್ಟೋ ಮೊದಲೇ ಬೀಳುತ್ತೆ. ಅದಕ್ಕೇ ಎರಡೂ ಬೇಕು. ಒಂದೇ ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ಲು ಹಿಡಿದ್ರೆ ಮಾತ್ರ ಅದಕ್ಕೂ ಗೊತ್ತಾಗಲ್ಲ, ಲೆಕ್ಕ ಸರಿ ಬಂದುಬಿಡುತ್ತೆ. ಅದರ ಮೇಲೆ 'ಟಿ' ಅಂತ ಒಂದು ಟೆಸ್ಟ್ ಬಟನ್ ಇರುತ್ತೆ. ತಿಂಗಳಿಗೊಮ್ಮೆ ಒತ್ತಿ ನೋಡಿ. ಕರೆಂಟ್ ಹೋಗಲಿಲ್ಲ ಅಂದ್ರೆ ಆರ್‌ಸಿಸಿಬಿ ಕೆಟ್ಟಿದೆ.

ಗ್ರೈಂಡರ್ ಹಾಕಿದ ಸಂಜೆ

ಒಂದೂವರೆ ದಿನಕ್ಕೆ ಕೆಲಸ ಮುಗೀತು. ಸ್ಟವ್‌ಗೆ ಹೊಸ 16 ಆಂಪ್ ಪಾಯಿಂಟ್, ಸಿಂಕ್‌ನಿಂದ ದೂರ, ಕಟ್ಟೆಯಿಂದ ಒಂದು ಗೇಣು ಮೇಲೆ. ಫ್ರಿಡ್ಜ್, ಗ್ರೈಂಡರ್, ಗೀಸರ್‌ಗೆ ಅರ್ಥ್. ಅಮ್ಮ ಇಂಡಕ್ಷನ್ ಮೇಲೆ ಕಾಫಿಗೆ ನೀರಿಟ್ಟು ಖುಷಿಪಟ್ರು. ಆಮೇಲೆ ದೋಸೆಗೆ ರುಬ್ಬೋಕೆ ಅಂತ ಗ್ರೈಂಡರ್ ಸ್ವಿಚ್ ಹಾಕಿದ್ರು. ಠಕ್! ಇಡೀ ಮನೆ ಕತ್ತಲೆ.

ಮತ್ತೆ ಮೇಲೆತ್ತಿದ್ವಿ. ಗ್ರೈಂಡರ್ ಹಾಕಿದ್ರೆ ಮತ್ತೆ ಠಕ್. ಅಪ್ಪ, "ನೋಡು, ಮೊದಲೇ ಚೆನ್ನಾಗಿತ್ತು" ಅಂದ್ರು. ಪಕ್ಕದ ಮನೆಯವರು ಬಂದು, "ನಮ್ಮಲ್ಲೂ ಹಿಂಗೇ ಕಾಟ ಕೊಡ್ತಿತ್ತು, ಬೈಪಾಸ್ ಮಾಡಿಸಿಬಿಟ್ವಿ, ಈಗ ಆರಾಮು" ಅಂತ ಸಲಹೆ ಕೊಟ್ರು.

ಮರುದಿನ ಗ್ರೈಂಡರ್ ಬಿಚ್ಚಿಸಿದಾಗ ವಿಷಯ ಗೊತ್ತಾಯ್ತು. ತೊಳೆಯೋವಾಗ ಇಳಿದ ನೀರು ವರ್ಷಾನುಗಟ್ಟಲೆ ಮೋಟರ್ ಸುರುಳಿಯ ಇನ್ಸುಲೇಷನ್ ತಿಂದಿತ್ತು. ಕರೆಂಟ್ ಗ್ರೈಂಡರ್‌ನ ಸ್ಟೀಲ್ ಮೈಗೆ ಸೋರ್ತಿತ್ತು. ಇಷ್ಟು ದಿನ ಅದಕ್ಕೆ ಹೋಗೋಕೆ ದಾರಿ ಇರಲಿಲ್ಲ, ಅಮ್ಮ ಮುಟ್ಟಿದಾಗ ಮಾತ್ರ ಜುಮ್ ಅಂತಿತ್ತು. ಈಗ ಹಸಿರು ವೈರ್ ದಾರಿ ಕೊಟ್ಟ ತಕ್ಷಣ ಆರ್‌ಸಿಸಿಬಿ ಅದನ್ನ ಹಿಡೀತು. ಅಂದ್ರೆ ಆರ್‌ಸಿಸಿಬಿ ಕಾಟ ಕೊಡ್ಲಿಲ್ಲ, ಚಾಡಿ ಹೇಳ್ತು.

ಚಪ್ಪಲಿ ಮರೆತ ಒಂದು ದಿನ, ಒದ್ದೆ ನೆಲ, ಹಿಟ್ಟಿನ ಕೈ. ಅವತ್ತು ಎಷ್ಟು ಮಿಲಿಆಂಪ್ ಹರೀತಿತ್ತು ಅಂತ ಲೆಕ್ಕ ಹಾಕೋಕೆ ನನಗೆ ಮನಸ್ಸು ಬರಲಿಲ್ಲ. ಅಮ್ಮನಿಗೂ ಅರ್ಥ ಆಯ್ತು ಅನ್ಸುತ್ತೆ, ಸ್ವಲ್ಪ ಹೊತ್ತು ಗ್ರೈಂಡರ್ ನೋಡ್ತಾ ಸುಮ್ಮನೆ ಕೂತಿದ್ರು. ಬೈಪಾಸ್ ಮಾತು ಅಪ್ಪ ಮತ್ತೆ ಎತ್ತಲಿಲ್ಲ. ಈಗ ಬೇಸಿಗೆಯಲ್ಲಿ ತುಳಸಿಗೆ ನೀರು ಹಾಕೋವಾಗ ಪಕ್ಕದ ಅರ್ಥ್ ಗುಂಡಿಗೂ ಅವರೇ ಒಂದು ಚೊಂಬು ಹಾಕ್ತಾರೆ.

ನಾವೇ ಮಾಡ್ಕೊಬಹುದಾ?

ಯೂಟ್ಯೂಬ್ ನೋಡಿದ್ರೆ ಎಲ್ಲಾ ಸುಲಭ ಅನ್ಸುತ್ತೆ. ಆದ್ರೆ ನಮ್ಮ ದೇಶದ ವಿದ್ಯುತ್ ಸುರಕ್ಷತಾ ನಿಯಮದ ಪ್ರಕಾರ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇದ್ದದ್ದನ್ನ ಇದ್ದ ಹಾಗೇ ಬದಲಾಯಿಸೋದು ಬೇರೆ, ಹೊಸ ಪಾಯಿಂಟ್ ಸೇರಿಸೋದು ಬೇರೆ. ಎರಡನೆಯದು ಲೈಸೆನ್ಸ್ ಇರೋ ಗುತ್ತಿಗೆದಾರರ ಕೆಲಸ. ಎಂಜಿನಿಯರಿಂಗ್ ಡಿಗ್ರಿ ಇಲ್ಲಿ ಲೆಕ್ಕಕ್ಕಿಲ್ಲ. ಲೆಕ್ಕ ನಾವು ಹಾಕೋಣ, ವೈರ್ ಅವರು ಮುಟ್ಟಲಿ. ಕರೆಂಟ್ ಬಿಲ್‌ನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವಾಟ್ ಅಂತಲೂ ನೋಡ್ಕೊಳ್ಳಿ. 1 ಕಿಲೋವಾಟ್ ಇದ್ದು 2 ಕಿಲೋವಾಟ್ ಸ್ಟವ್ ತಂದಿದ್ರೆ ಲೋಡ್ ಹೆಚ್ಚಿಸೋಕೆ ಅರ್ಜಿ ಹಾಕ್ಬೇಕು.

ಬಾಡಿಗೆ ಮನೆಯಲ್ಲಿರೋರು ಓನರ್ ಒಪ್ಪಿಗೆ ಇಲ್ಲದೆ ಗೋಡೆ ಮುಟ್ಟೋ ಹಾಗಿಲ್ಲ, ನಿಜ. ಆದ್ರೆ ಕೆಲವು ಕೆಲಸ ನಿಮ್ಮ ಕೈಯಲ್ಲೇ ಇದೆ. ಕೆಟಲ್, ಹೀಟರ್, ಇಸ್ತ್ರಿಪೆಟ್ಟಿಗೆ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಹಾಕ್ಬೇಡಿ. ಬಾಕ್ಸ್‌ನಲ್ಲಿ ಆರು ಸಾಕೆಟ್ ಇದ್ರೂ ಹಿಂದಿರೋದು ಒಂದೇ ವೈರ್. ಒಂದೇ ಎಲೆಗೆ ಆರು ಜನ ಊಟಕ್ಕೆ ಕೂತ ಹಾಗೆ. ಒಂದು ಬಾಕ್ಸ್‌ಗೆ ಇನ್ನೊಂದು ಬಾಕ್ಸ್ ಸಿಕ್ಕಿಸ್ಬೇಡಿ. ಪ್ಲಗ್ ಬಿಸಿಯಾಗ್ತಿದ್ರೆ, ಬಣ್ಣ ಬದಲಾಗಿದ್ರೆ, ಮೀನಿನ ಥರ ವಾಸನೆ ಬಂದ್ರೆ ಅವತ್ತೇ ನಿಲ್ಲಿಸಿ. ಮನೆ ನೋಡೋಕೆ ಹೋದಾಗ ನೀರು ಬರುತ್ತಾ ಅಂತ ಕೇಳ್ತೀವಲ್ಲ, ಹಾಗೇ ಮೇನ್ ಬೋರ್ಡ್ ತೆಗೆದು ಆರ್‌ಸಿಸಿಬಿ ಇದೆಯಾ ಅಂತಲೂ ನೋಡಿ.

ಮುಂದಿನ ಸಲ ಊರಿಗೆ ಹೋದಾಗ ಅಮ್ಮನಿಗೋ ಅಜ್ಜಿಗೋ ಒಂದೇ ಒಂದು ಪ್ರಶ್ನೆ ಕೇಳಿ: "ಯಾವುದನ್ನ ಮುಟ್ಟಿದ್ರೆ ಜುಮ್ ಅನ್ನುತ್ತೆ?" ಅವರು ಹೇಳಿದ ಸಾಮಾನಿನ ಪ್ಲಗ್ ಅವತ್ತೇ ಕಿತ್ತಿಡಿ, ಎಲೆಕ್ಟ್ರಿಷಿಯನ್ನ ಕರೆಸಿ. "ಅದು ಮೊದಲಿಂದಲೂ ಹಂಗೇ" ಅಂತ ಉತ್ತರ ಬಂದ್ರೆ ಇನ್ನೂ ಬೇಗ ಕರೆಸಿ.